ಎರಡನೇ ಮಹಾಯುದ್ಧದ ಪೈಲಟ್ ಜಾಕೆಟ್ ಅಂತ ಮಾರುತ್ತಿರುವುದು ಅಸಲಿಯೇ ಎಂದು ತಿಳಿಯುವುದು ಹೇಗೆ?

ಮುಂಗಡ ಕೊಡಬೇಡಿ. ಚಿತ್ರದುರ್ಗದಲ್ಲಿ ಕೂತು, ಬೆಂಗಳೂರಿನ ವ್ಯಾಪಾರಿ ಕಳಿಸಿದ ನಾಲ್ಕಾರು ಫೋಟೊ ನಂಬಿ ಅರವತ್ತು ಸಾವಿರ ಕೊಡುವ ವಸ್ತು ಇದಲ್ಲ. ಅವರು ನಿಮಗೆ ಹೇಳಿರುವುದು: ಎರಡನೇ ಮಹಾಯುದ್ಧದ ಅಮೆರಿಕನ್ ಎ-2, ಅಂದರೆ ಪೈಲಟ್‌ಗಳ ಚರ್ಮದ ಜಾಕೆಟ್, ಒಳಗೆ ಲೇಬಲ್ ಇದೆ, ತೋಳಿನ ಮೇಲೆ ಸಿಬಿಐ (ಚೀನಾ-ಬರ್ಮಾ-ಇಂಡಿಯಾ ರಣರಂಗದ) ಬ್ಯಾಡ್ಜ್ ಇದೆ, ಬೆನ್ನ ಮೇಲೆ ವಿಮಾನದ ಚಿತ್ರ ಇದೆ. ನಿಮ್ಮ ಪ್ರಶ್ನೆ ಓದಿದರೆ ನಿಮ್ಮನ್ನು ಒಪ್ಪಿಸಿರುವುದೂ ಇವೇ ಮೂರು. ಮೂರನ್ನೂ ಯಾವಾಗ ಬೇಕಾದರೂ ಅಂಟಿಸಬಹುದು, ಹೊಲಿಯಬಹುದು, ಬರೆಸಬಹುದು. ಚರ್ಮ ಕತ್ತರಿಸಿದ ರೀತಿಯನ್ನು ಮಾತ್ರ ಆಮೇಲೆ ಯಾರೂ ಬದಲಿಸಲಾರರು. ಅದಕ್ಕೇ ನಾನು ಲೇಬಲ್ ಅನ್ನು ಎಲ್ಲಕ್ಕಿಂತ ಕೊನೆಗೆ ಓದುತ್ತೇನೆ.

ಎ-2 ಅನ್ನು ಅಮೆರಿಕದ ಸೇನಾ ವಾಯುದಳ 1931ರಲ್ಲಿ ಒಪ್ಪಿಕೊಂಡಿತು. 1943ರ ಹೊತ್ತಿಗೆ ಹೊಸ ಖರೀದಿ ನಿಂತು, ಅದರ ಜಾಗಕ್ಕೆ ಬಟ್ಟೆಯ ಜಾಕೆಟ್‌ಗಳು ಬಂದವು. ಈ ನಡುವೆ ಹತ್ತಾರು ಗುತ್ತಿಗೆದಾರರು ಹೊಲಿದುಕೊಟ್ಟರೂ ನಕ್ಷೆ ಒಂದೇ, ಸಂಖ್ಯೆ 30-1415. ಎದುರಿಗೆ ಮುಚ್ಚಳವಿರುವ ಎರಡು ಕಿಸೆ, ಮುಚ್ಚಳಕ್ಕೆ ಟಿಚ್ ಬಟನ್. ಶರ್ಟಿನಂಥ ಕಾಲರ್, ಅದರ ತುದಿಯ ಅಡಿಯಲ್ಲಿ ಹೊರಗೆ ಕಾಣದ ಟಿಚ್ ಬಟನ್, ಕತ್ತಿನ ಹತ್ತಿರ ಒಂದು ಕೊಕ್ಕೆ. ಭುಜದ ಮೇಲೆ ಪಟ್ಟಿ. ಮಣಿಕಟ್ಟಿಗೂ ಸೊಂಟಕ್ಕೂ ಉಣ್ಣೆಯ ಹೆಣಿಗೆ. ಬೆನ್ನು ಒಂದೇ ತುಂಡು ಚರ್ಮದ್ದು. ಒಳಗೆ ಕಿಸೆ ಇಲ್ಲ. ಕೈ ಬೆಚ್ಚಗಿಡಲು ಪಕ್ಕದಿಂದ ತೂರಿಸುವ ಕಿಸೆಯೂ ಇಲ್ಲ.

ಈ ಕೊನೆಯ ಮಾತನ್ನು ಇಟ್ಟುಕೊಂಡು ನೀವು ಹಾಕಿರುವ ಎರಡನೇ ಫೋಟೊ ಮತ್ತೊಮ್ಮೆ ನೋಡಿ. ಎಡಗಡೆ ಕಿಸೆಯ ಪಕ್ಕದಲ್ಲಿ ಉದ್ದಕ್ಕೆ ಒಂದು ಸೀಳು ಕಾಣುತ್ತಿದೆ, ಅದರ ಅಂಚನ್ನು ಮಡಚಿ ಹೊಲಿದಿದ್ದಾರೆ. ಅದು ಕೈ ತೂರಿಸುವ ಕಿಸೆ. ಯುದ್ಧಕಾಲದ ಎ-2ರಲ್ಲಿ ಅದು ಇರುವುದಿಲ್ಲ. ಅಮೆರಿಕದ ವಾಯುಪಡೆ 1988ರಲ್ಲಿ ಎ-2 ಅನ್ನು ಮತ್ತೆ ಬಳಕೆಗೆ ತಂದಿತು. ಆಮೇಲೆ ಬಂದವುಗಳಲ್ಲಿ ಇಂಥ ಕಿಸೆ ಸಿಗುತ್ತದೆ, ಅಂಗಡಿಗೆಂದೇ ಹೊಲಿದ ಫ್ಯಾಷನ್ ಜಾಕೆಟ್‌ಗಳಲ್ಲಂತೂ ಇದ್ದೇ ಇರುತ್ತದೆ. ಒಳಗಡೆ ಭೂಪಟ ಅಚ್ಚಾದ ಬಟ್ಟೆ ಹಾಕಿದ್ದರೂ ಅಷ್ಟೇ, ಅದು ಯುದ್ಧಕ್ಕೆ ಹೋದ ಜಾಕೆಟ್ ಅಲ್ಲ. ಫೋಟೊದಲ್ಲಿ ಕಂಡದ್ದು ನಿಜವಾಗಿ ಸೀಳೇ ಆಗಿದ್ದರೆ ಈ ಒಂದರಿಂದಲೇ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ನೀವು ಇದನ್ನೇ ಸಂಗ್ರಹಿಸಲು ಹೊರಟಿದ್ದೀರಿ ಅಂತಲೂ ಬರೆದಿದ್ದೀರಿ. ಹಾಗಾಗಿ ಉಳಿದದ್ದನ್ನೂ ಹೇಳುತ್ತೇನೆ.

ಚರ್ಮದಿಂದ ಶುರು ಮಾಡೋಣ. ಎ-2ಗಳು ಹೆಚ್ಚಿನವು ಕುದುರೆ ಚರ್ಮದವು, ಕೆಲವು ಮೇಕೆಯವು. ಕುದುರೆ ಚರ್ಮದ ಮೈ ಚಪ್ಪಟೆ, ಬರಿಗಣ್ಣಿಗೆ ರಂಧ್ರಗಳ ವಿನ್ಯಾಸ ಕಾಣುವುದೇ ಕಷ್ಟ. ಹಿಡಿದರೆ ಗಟ್ಟಿ, ಮೊಣಕೈ ಹತ್ತಿರ ದಪ್ಪ ಮಡಿಕೆಗಳು ಬಿದ್ದಿರುತ್ತವೆ. ಮೇಕೆ ಚರ್ಮದಲ್ಲಿ ಸಣ್ಣ ಸಣ್ಣ ಗುಬುಟುಗಳು ಬೆರಳಿಗೆ ಸಿಗುತ್ತವೆ. ಕುರಿ ಚರ್ಮ ಮೃದು, ಸಡಿಲ, ಹಿಚುಕಿದರೆ ಬಟ್ಟೆಯ ಹಾಗೆ ಮುದುರುತ್ತದೆ. ನಮ್ಮಲ್ಲಿ ಹಳೆಯದೆಂದು ಮಾರುವ ಜಾಕೆಟ್‌ಗಳಲ್ಲಿ ನಾನು ಹೆಚ್ಚು ಕಂಡದ್ದು ಈ ಕುರಿ ಚರ್ಮವನ್ನೇ. ಚಳ್ಳಕೆರೆ, ಹಿರಿಯೂರು ಕಡೆ ಕುರಿ, ಮೇಕೆ ಎರಡನ್ನೂ ಸಾಕುತ್ತಾರಲ್ಲ, ಅಲ್ಲಿ ತೊಗಲು ಕೊಳ್ಳುವ ವ್ಯಾಪಾರಿಗಳ ಹತ್ತಿರ ಒಂದು ಮಧ್ಯಾಹ್ನ ಕೂತು ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ಬನ್ನಿ. ಯಾವ ವಿಡಿಯೊದಿಂದಲೂ ಬರದ ತಿಳಿವಳಿಕೆ ಅದು.

ಜಿಪ್ಪು ಲೋಹದ್ದಿರಬೇಕು. ಟ್ಯಾಲನ್, ಕಾನ್ಮಾರ್, ಕ್ರೌನ್ ಎಂಬ ಹೆಸರುಗಳು ಆ ಕಾಲದವು. ನೈಲಾನ್ ಸುರುಳಿಯ ಜಿಪ್ ಇದ್ದರೆ ಅದು ಯುದ್ಧದ ನಂತರದ್ದು. ಆದರೆ ಜಿಪ್ ಹೊಸದೆಂಬ ಒಂದೇ ಕಾರಣಕ್ಕೆ ಜಾಕೆಟ್ ತಳ್ಳಿಹಾಕಬೇಡಿ. ಹಳೆಯದು ಕೆಟ್ಟು ಹೋಗಿ ಬದಲಿಸಿರಬಹುದು. ಹಾಗಿದ್ದರೆ ಜಿಪ್ಪಿನ ಪಕ್ಕದಲ್ಲಿ ಹಳೆಯ ಹೊಲಿಗೆಯ ತೂತುಗಳ ಸಾಲು ಖಾಲಿ ಉಳಿದಿರುತ್ತದೆ.

ಈ ತೂತುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ನಂಬಿಕೆ ಇರುವುದು ಇದರ ಮೇಲೆ. ಬಟ್ಟೆಯಲ್ಲಿ ಸೂಜಿ ಹೋದ ಜಾಗ ಒಗೆದ ಮೇಲೆ ಮುಚ್ಚಿಹೋಗುತ್ತದೆ. ಚರ್ಮದಲ್ಲಿ ಮುಚ್ಚುವುದಿಲ್ಲ. ಎಂಬತ್ತು ವರ್ಷದ ಹಿಂದೆ ಚುಚ್ಚಿದ ತೂತು ಇವತ್ತಿಗೂ ಅಲ್ಲೇ ಇರುತ್ತದೆ. ಬ್ಯಾಡ್ಜ್ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಅಡಿಯ ಚರ್ಮ ಸುತ್ತಲಿನದಕ್ಕಿಂತ ಗಾಢವಾಗಿ, ಸವೆಯದೆ ಉಳಿದಿದ್ದರೆ ಬ್ಯಾಡ್ಜ್ ಬಹುಕಾಲದಿಂದ ಅಲ್ಲಿದೆ. ಒಳಗೂ ಹೊರಗೂ ಒಂದೇ ಬಣ್ಣ, ಒಂದೇ ಸವೆತ ಇದ್ದರೆ ಅದನ್ನು ಇತ್ತೀಚೆಗೆ ಹೊಲಿದಿದ್ದಾರೆ. ಈಗಿನ ಹೊಲಿಗೆಯ ಜೊತೆಗೆ ಬೇರೆ ಆಕಾರದ ತೂತುಗಳ ಸಾಲು ಕಂಡರೆ ಮೊದಲು ಅಲ್ಲಿ ಇನ್ನೊಂದು ಬ್ಯಾಡ್ಜ್ ಇತ್ತು ಅಂತ ಅರ್ಥ. ಜಾಕೆಟ್ ಒಳಗಡೆಯನ್ನೂ ನೋಡಿ: ಸಾಮಾನ್ಯವಾಗಿ ಬ್ಯಾಡ್ಜನ್ನು ಅಸ್ತರು ಸೇರಿಸಿಯೇ ಹೊಲಿಯುತ್ತಿದ್ದರು, ಅಲ್ಲಿ ದಾರವೂ ಬಟ್ಟೆಯೂ ಒಟ್ಟಿಗೆ ಮಾಸಿರಬೇಕು.

ಸಿಬಿಐ ಎಂದರೆ ಚೀನಾ-ಬರ್ಮಾ-ಇಂಡಿಯಾ ರಣರಂಗ. ಗುರಾಣಿಯಾಕಾರ, ಕೆಳಗೆ ಕೆಂಪು-ಬಿಳಿ ಪಟ್ಟೆ, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಒಂದು ನಕ್ಷತ್ರ. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾದ ಕುನ್ಮಿಂಗ್‌ಗೆ ವಿಮಾನದಲ್ಲಿ ಸಾಮಾನು ಹೊತ್ತವರು ಇದನ್ನು ತೊಡುತ್ತಿದ್ದರು. ವ್ಯಾಪಾರಿ ಹೇಳಿದ 'ಬೆಂಗಳೂರಿನಲ್ಲೇ ಅಮೆರಿಕನ್ನರು ಇದ್ದರು' ಎಂಬ ಮಾತು ಸುಳ್ಳಲ್ಲ. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆ ವಹಿಸಿಕೊಂಡು 84ನೇ ಏರ್ ಡಿಪೊ ಎಂದು ನಡೆಸಿತು, ವಿಮಾನಗಳ ದುರಸ್ತಿ ಅಲ್ಲಿ ನಡೆಯುತ್ತಿತ್ತು. ಈ ಬ್ಯಾಡ್ಜ್‌ಗಳನ್ನು ನಮ್ಮ ದೇಶದ ದರ್ಜಿಗಳೇ ಜರಿ ದಾರದಲ್ಲೂ ಚರ್ಮದಲ್ಲೂ ಮಾಡಿಕೊಟ್ಟಿದ್ದಾರೆ, ಅವು ನಿಜಕ್ಕೂ ಸುಂದರ. ಆದರೆ ಊರಿನಲ್ಲಿ ಅಮೆರಿಕನ್ನರಿದ್ದರು ಎಂಬುದು ಇತಿಹಾಸ, ಈ ಜಾಕೆಟ್ ಅವರದ್ದು ಎಂಬುದಕ್ಕೆ ಅದು ಸಾಕ್ಷಿ ಆಗುವುದಿಲ್ಲ. ಜರಿ ಕೆಲಸ ಮಾಡುವ ಕೈಗಳು ಇವತ್ತೂ ಇವೆ.

ಬೆನ್ನಿನ ಚಿತ್ರಕ್ಕೆ ಒಂದೇ ಪರೀಕ್ಷೆ. ಹಳೆಯ ಬಣ್ಣ ಚರ್ಮದ ಜೊತೆಗೇ ಬಿರಿದಿರುತ್ತದೆ, ಮಡಿಕೆ ಬಿದ್ದಲ್ಲೆಲ್ಲ ಬಣ್ಣವೂ ಒಡೆದಿರುತ್ತದೆ. ಈಚೆಗೆ ಬರೆಸಿದ್ದಾದರೆ ಬಣ್ಣ ಚರ್ಮದ ಹಳೆಯ ಬಿರುಕಿನ ಒಳಕ್ಕೆ ಇಳಿದು ತುಂಬಿಕೊಂಡಿರುತ್ತದೆ. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ಸ್ಪಷ್ಟ. ನಮ್ಮ ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರಾಗಿತ್ತು. ಬಟ್ಟೆಯ ನೂಲೆಣಿಸುವ ಪಿಕ್ ಗ್ಲಾಸ್ ಇಲ್ಲಿನ ಹಳೆಯ ಮಿಲ್ ಮನೆಗಳಲ್ಲಿ ಇನ್ನೂ ಸಿಗುತ್ತದೆ, ನಾನು ಬಳಸುವುದು ಅದನ್ನೇ. ಮಡಚಿ ಕಿಸೆಯಲ್ಲಿಡಬಹುದು, ದೂರ ಸರಿಪಡಿಸುವ ರಗಳೆಯಿಲ್ಲ.

ಅದರ ಜೊತೆಗೆ ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಒಂದು ಇಟ್ಟುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಲೇಬಲ್ ಮೇಲೂ ಹೊಲಿಗೆ ಮೇಲೂ ಬಿಡಿ. ಇತ್ತೀಚಿನ ದಾರ, ಬಟ್ಟೆಗಳಿಗೆ ಬೆಳ್ಳಗೆ ಕಾಣಿಸುವ ರಾಸಾಯನಿಕ ಸೇರಿಸಿರುತ್ತಾರೆ, ಅವು ನೀಲಿ-ಬಿಳಿಯಾಗಿ ಹೊಳೆಯುತ್ತವೆ. ಯುದ್ಧಕಾಲದ ಹತ್ತಿ ದಾರ ಮಂಕಾಗಿಯೇ ಇರುತ್ತದೆ. ಒಂದು ಎಚ್ಚರಿಕೆ: ಯಾರಾದರೂ ಅಸ್ತರನ್ನು ಡಿಟರ್ಜೆಂಟಿನಲ್ಲಿ ಒಗೆದಿದ್ದರೆ ಅಸಲಿಯೂ ಹೊಳೆಯುತ್ತದೆ, ಸೋಪಿನ ಪುಡಿಯಲ್ಲೂ ಅದೇ ರಾಸಾಯನಿಕ ಇದೆ. ಹಾಗಾಗಿ ಅಸ್ತರಿಗಿಂತ ಚರ್ಮದ ಹೊಲಿಗೆಯ ದಾರ ನೋಡುವುದು ಮೇಲು.

ಈಗ ಲೇಬಲ್. ನೇಯ್ದ ಲೇಬಲ್ಲು, ಅದರಲ್ಲಿ ಟೈಪ್ ಎ-2, ನಕ್ಷೆ ಸಂಖ್ಯೆ, ಗುತ್ತಿಗೆಯ ಸಂಖ್ಯೆ, ತಯಾರಕರ ಹೆಸರು. ಬೀಕನ್ ಊರಿನ ಏರೊ ಲೆದರ್, ಪೆನ್ಸಿಲ್ವೇನಿಯಾದ ರಫ್ ವೇರ್, ಡುಬೊ, ಪೆರ್ರಿ ಇಂಥವರು. ನಕ್ಷೆ ಒಂದೇ ಆದರೂ ಒಬ್ಬೊಬ್ಬರ ಕೈ ಒಂದೊಂದು ಥರ. ಕೆಲವರು ಕಾಲರ್ ಕೆಳಗೆ ಬೇರೆ ಪಟ್ಟಿ ಇಟ್ಟು ಹೊಲಿದರು, ಕೆಲವರು ನೇರ ಕತ್ತಿಗೆ ಜೋಡಿಸಿದರು. ಕಿಸೆಯ ಮುಚ್ಚಳದ ಬಾಗು ಕೂಡ ಬೇರೆ ಬೇರೆ. ಲೇಬಲ್ ಹೇಳುವ ತಯಾರಕರ ಕೈಗೂ ಜಾಕೆಟ್‌ನ ಕಟಿಂಗಿಗೂ ಹೊಂದದಿದ್ದರೆ ಲೇಬಲ್ ಬೇರೆಲ್ಲಿಂದಲೋ ಬಂದಿದೆ. ಜಪಾನಿನ ರಿಯಲ್ ಮೆಕಾಯ್ಸ್, ಬಝ್ ರಿಕ್ಸನ್ಸ್, ಇಂಗ್ಲೆಂಡಿನ ಈಸ್ಟ್‌ಮನ್ ಇವರೆಲ್ಲ ಹಳೆಯ ಎ-2ಗಳ ಪ್ರತಿಕೃತಿಗಳನ್ನು ಬಹಳ ಶ್ರದ್ಧೆಯಿಂದ, ಪ್ರತಿಕೃತಿ ಅಂತ ಹೇಳಿಯೇ ಮಾಡುತ್ತಾರೆ. ಅವರ ಕೆಲಸದ ಬಗ್ಗೆ ನನಗೆ ದೊಡ್ಡ ಗೌರವ. ತೊಂದರೆ ಬರುವುದು ಅದೇ ಜಾಕೆಟ್ ಇಪ್ಪತ್ತು ವರ್ಷ ಸವೆದು ಮೂರನೆಯವರ ಕೈ ಸೇರಿ ಅಸಲಿ ಎಂಬ ಹೆಸರು ಪಡೆದಾಗ.

ಸಂಗ್ರಹ ಶುರು ಮಾಡುವುದಾದರೆ ಎ-2 ಬಿಡಿ, ಅಮೆರಿಕದ ನೌಕಾಪಡೆಯ ಜಿ-1 ಹುಡುಕಿ ಅಂತ ನನ್ನ ಸಲಹೆ. ಮೇಕೆ ಚರ್ಮ, ತುಪ್ಪಳದ ಕಾಲರ್, ತೋಳು ಚಾಚಲು ಅನುಕೂಲವಾಗುವಂತೆ ಬೆನ್ನಿನ ಎರಡೂ ಪಕ್ಕ ಮಡಿಕೆ, ಕಿಸೆಗೆ ಟಿಚ್ ಬದಲು ಗುಂಡಿ, ಜಿಪ್ ಹಿಂದಿನ ಪಟ್ಟಿಯಲ್ಲಿ ಯುಎಸ್ಎನ್ ಅಂತ ಸಣ್ಣ ತೂತುಗಳಲ್ಲಿ ಬರೆದ ಅಕ್ಷರ. ಯುದ್ಧದ ನಂತರವೂ ದಶಕಗಳ ಕಾಲ ಹೊಲಿದಿದ್ದರಿಂದ ಹೆಚ್ಚು ಸಿಗುತ್ತವೆ. ಕಾಲ ಹೇಳುವುದೂ ಸುಲಭ: ಲೇಬಲ್ ಮೇಲಿನ ಗುತ್ತಿಗೆ ಸಂಖ್ಯೆ ಡಿಎಸ್ಎ 100 ಅಂತ ಶುರುವಾಗಿ ಮುಂದೆ 68 ಅಂತಿದ್ದರೆ ಅದು 1968ರ ಹಣಕಾಸು ವರ್ಷದ್ದು. ಡಿಎಲ್ಎ ಅಂತಿದ್ದರೆ 1977ರಿಂದ ಈಚಿನದು, ಅಮೆರಿಕದ ಸೇನೆಗೆ ಖರೀದಿ ಮಾಡುವ ಇಲಾಖೆಯ ಹೆಸರು ಡಿಎಸ್ಎಯಿಂದ ಡಿಎಲ್ಎ ಆಗಿ ಬದಲಾದದ್ದು ಆ ವರ್ಷ. ಬ್ರಿಟಿಷರ ಕುರಿ ತುಪ್ಪಳದ ಇರ್ವಿನ್ ಜಾಕೆಟ್ ಕೈಗೆ ಬಂದರೆ, ಲೇಬಲ್‌ನಲ್ಲಿ 'ಇರ್ವಿಂಗ್ ಏರ್ ಚ್ಯೂಟ್' ಎಂದಿರುವುದನ್ನು ಕಂಡು ನಕಲಿ ಅಂತ ಬಿಟ್ಟುಬಿಡಬೇಡಿ. ಕಂಪನಿಯ ಹೆಸರು ಹಾಗೇ ಇತ್ತು.

ನಮ್ಮ ಕಡೆಯ ಹವೆಯಲ್ಲಿ ಇಡುವುದು ಹೇಗೆ ಅಂತಲೂ ಕೇಳಿದ್ದೀರಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಬೂಟ್ ಪಾಲಿಶ್ ಯಾವುದನ್ನೂ ಹಚ್ಚಬೇಡಿ. ಹಳೆಯ ಚರ್ಮ ಕೆಂಪಗೆ ಪುಡಿ ಉದುರಿಸಲು ಶುರು ಮಾಡಿದ್ದರೆ ಯಾವ ಎಣ್ಣೆಯಿಂದಲೂ ಅದು ಹಿಂದಿನ ಸ್ಥಿತಿಗೆ ಬರುವುದಿಲ್ಲ. ಅಗಲವಾದ ಹ್ಯಾಂಗರಿಗೆ ಹಳೆ ಬಟ್ಟೆ ಸುತ್ತಿ ತೂಗುಹಾಕಿ, ಮೇಲೆ ಹಳೆ ಪಂಚೆ ಹೊದಿಸಿ. ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ. ಹುಳ ಮೊದಲು ತಿನ್ನುವುದು ಉಣ್ಣೆಯ ಕಫ್ ಮತ್ತು ತುಪ್ಪಳದ ಕಾಲರ್. ತಿಂಗಳಿಗೊಮ್ಮೆ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬಿಡಿಸಿ ನೋಡಿ. ಸವೆದ ಕಫ್ ಅನ್ನು ಹೊಸದಾಗಿ ಹಾಕಿಸುವ ಆಸೆಯಾಗುತ್ತದೆ, ದಯವಿಟ್ಟು ಬೇಡ. ಆ ಹೆಣಿಗೆಯೂ ಸಾಕ್ಷಿಯೇ.

ವ್ಯಾಪಾರಿಗೆ ಇವತ್ತೇ ಒಂದು ಸಂದೇಶ ಕಳಿಸಿ. ಐದು ಫೋಟೊ ಕೇಳಿ: ಕಿಸೆಯ ಪಕ್ಕದ ಸೀಳು ಹತ್ತಿರದಿಂದ, ಕಾಲರ್ ಎತ್ತಿ ಅದರ ಅಡಿಭಾಗ, ಜಿಪ್ಪಿನ ತುದಿ, ಬ್ಯಾಡ್ಜ್ ಹಿಂದಿನ ಅಸ್ತರು, ಲೇಬಲ್‌ನ ನಾಲ್ಕೂ ಅಂಚಿನ ಹೊಲಿಗೆ. ಹಗಲು ಬೆಳಕಿನಲ್ಲಿ ತೆಗೆಯಲು ಹೇಳಿ. ಬಂದ ಮೇಲೆ ಇದೇ ಪ್ರಶ್ನೆಯ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.