ಮೊಣಕಾಲು ಸವದದ ಅಂತಾರ, ಸವದದ್ದು ಮತ್ತ ಬೆಳೀತದೇನು?

ಪ್ರಶ್ನೆ ಓದಿದೆ ರೀ. ನಿಮ್ಮ ಅವ್ವಗ 54, ಲಿಂಗಸುಗೂರು ಕಡೆ ಹಳ್ಳಿ, ಹತ್ತಿ ಬಿಡಿಸಾಕ ಕಳೆ ತೆಗೆಯಾಕ ಹೋಗ್ತಾರ, ಮೊಣಕಾಲು ಕಟ್ ಕಟ್ ಅಂತಾವ, ಊರಾಗ ಒಬ್ಬರು "ಕೀಲು ಸವದಾವ" ಅಂತ ಹೇಳಿ ಆಗಾಗ ಇಂಜೆಕ್ಷನ್ ಮಾಡ್ತಾರ, ನಾಕು ದಿನ ಆರಾಮ ಆಮ್ಯಾಲ ಮತ್ತ ಅದೇ ನೋವು. ನಾನು ರಾಯಚೂರಿನ್ಯಾಗ ಫಿಸಿಯೋಥೆರಪಿ ಕೆಲಸ ಮಾಡ್ತೀನಿ, ಇಂಥ ಅವ್ವಂದಿರನ್ನ ದಿನಾ ನೋಡ್ತೀನಿ. ಸವದದ್ದು ಮೊದಲಿನಂಗ ಬೆಳೆಯಂಗಿಲ್ಲ. ಆದ್ರ ಅವ್ವಗ ಆಗಿರೋದು ಬರೇ ಸವೆತ ಅಂತ ಈಗ್ಲೇ ಒಪ್ಕೊಂಡು ಕೂಡಬ್ಯಾಡ್ರಿ.

ತೊಡಿ ಎಲುಬು, ಕಾಲಿನ ಎಲುಬು, ಮುಂದ ಚಿಪ್ಪು, ಈ ಮೂರು ಸೇರಿ ಮೊಣಕಾಲು. ಎಲುಬಿಗೆ ಎಲುಬು ತಿಕ್ಕಬಾರದು ಅಂತ ತುದಿಗೆ ನುಣ್ಣನ ಕಾರ್ಟಿಲೇಜ್ ಇರ್ತದ, ದಪ್ಪ ಎಷ್ಟಂದ್ರ ಕೆಲವೇ ಮಿಲಿಮೀಟರ್. ನಡುವ ಎರಡು ಅರ್ಧಚಂದ್ರನಂಥ ಗಾದಿ, ಅವು ಮೆನಿಸ್ಕಸ್. ಸುತ್ತ ಚೀಲ, ಚೀಲದೊಳಗ ಜಿಗಟು ನೀರು, ಆ ನೀರು ಆರೋಗ್ಯದ ಮೊಣಕಾಲಿನ್ಯಾಗ ಒಂದು ಚಮಚನೂ ತುಂಬಂಗಿಲ್ಲ. ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ನರಾನೂ ಇಲ್ಲ. ರಕ್ತ ಇಲ್ಲ ಅಂತನ ಅದು ಗಾಯದಂಗ ಮಾಯಂಗಿಲ್ಲ, ಅದಕ್ಕ ಆಹಾರ ಬರೋದು ಆ ನೀರಿನಿಂದ, ಕಾಲು ಆಡಿಸಿದ್ರನ ಆ ನೀರು ಒಳಗ ಹೋಗಿ ಬರ್ತದ, ಹಿಂಗಾಗಿ ನೋವು ಅಂತ ಮಂಚ ಹಿಡಿಸಿದ್ರ ಕೀಲು ಇನ್ನಷ್ಟು ಕೆಡ್ತದ. ನರ ಇಲ್ಲ ಅಂದ್ಮ್ಯಾಲ ನೋವು ಬರೋದು ಅದರ ಕೆಳಗಿನ ಎಲುಬಿನಿಂದ, ಚೀಲದ ಒಳಪದರಿನಿಂದ. ಅದಕ್ಕ ಎಕ್ಸ್‌ರೇದಾಗ ಭಾಳ ಸವದದ್ದು ಕಂಡವರು ಆರಾಮ ಅಡ್ಡಾಡ್ತಾರ, ಸ್ವಲ್ಪ ಸವದವರು ಅಳ್ತಾರ. ಕಟ್ ಕಟ್ ಸಪ್ಪಳದ ಜೋಡಿ ನೋವು ಬಾವು ಇಲ್ಲಂದ್ರ ಆ ಸಪ್ಪಳಕ್ಕ ಹೆದರಬ್ಯಾಡ್ರಿ.

ಈಗ ಅವ್ವಗ ಕೇಳ್ರಿ, ನೋವು ಯಾವಾಗ ಜಾಸ್ತಿ? ಮುಂಜಾನೆ ಎದ್ದಾಗ ಹತ್ತು-ಹದಿನೈದು ನಿಮಿಷ ಬಿಗಿ, ಆಮ್ಯಾಲ ಸಡಿಲಾಗಿ, ಹೊಲದಾಗ ಕುಕ್ಕರಗಾಲಲೆ ಕುಂತು ಎದ್ದು ಸಂಜಿ ಮುಂದ ಜಾಸ್ತಿ ಆದ್ರ ಅದು ಹೆಚ್ಚಾಗಿ ಸವೆತ. ಮುಂಜಾನೆ ತಾಸುಗಟ್ಲೆ ಕೈಬೆರಳು ಮಡಚಾಕ ಬರಂಗಿಲ್ಲ, ಎರಡೂ ಕೈಯಾಗ ಬಾವು ಅದ ಅಂದ್ರ ಅದು ರುಮಟಾಯ್ಡ್ (ಮೈಯ ರೋಗ ತಡೆಯೋ ಶಕ್ತಿನ ತಿರುಗಿ ಕೀಲಿನ ಮ್ಯಾಲ ಬೀಳೋ ಬ್ಯಾನಿ) ಇರಬಹುದು, ಅದಕ್ಕ ಬ್ಯಾರೆ ಔಷಧ, ತಡ ಮಾಡಿದ್ರ ಬೆರಳು ಸೊಟ್ಟ ಆಗ್ತಾವ. ರಾತ್ರಿ ಒಮ್ಮಿಂದೊಮ್ಮೆಲೆ ಕಾಲಿನ ಹೆಬ್ಬೆರಳು ಕೆಂಪಾಗಿ ಬಟ್ಟಿ ತಾಗಿದ್ರೂ ಚೀರೋ ಹಂಗ ಆದ್ರ ಗೌಟ್, ಯೂರಿಕ್ ಆಸಿಡ್ದು. ಚಿಕೂನ್‌ಗುನ್ಯಾ ಬಂದು ಹೋದ್ರೂ ತಿಂಗಳುಗಟ್ಲೆ ಕೀಲು ಹಿಡಿತಾವ, 2006ರಾಗ ನಮ್ಮ ಕಡೆ ಬಂದಿದ್ದು ಹಿರಿಯರಿಗೆ ನೆನಪಿರಬಹುದು.

ಇಷ್ಟು ಎಲ್ಲಾ ಊರಿಗೂ ಒಂದೇ, ಆದ್ರ ನಮ್ಮ ರಾಯಚೂರು ಕೊಪ್ಪಳ ಬಳ್ಳಾರಿ ಕಡೆಯವರಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಮನ್ಯಾಗ ಕುಡಿಯೋದು ಯಾವ ನೀರು? ನಮ್ಮ ಕಡೆ ಭಾಳ ಬೋರ್‌ವೆಲ್ ನೀರಿನ್ಯಾಗ ಫ್ಲೋರೈಡ್ ಅದ. ಕುಡಿಯೋ ನೀರಿನ್ಯಾಗ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರ ಛಲೋ, ಬ್ಯಾರೆ ದಾರಿ ಇಲ್ದಾಗ 1.5 ತನಕ, ಅದರ ಮ್ಯಾಲ ವರ್ಷಾನುಗಟ್ಲೆ ಕುಡಿದ್ರ ಫ್ಲೋರೈಡ್ ಎಲುಬಿನ್ಯಾಗ ಕೂಡ್ತದ, ಕೀಲಿನ ಸುತ್ತಲಿನ ಲಿಗಮೆಂಟು, ಅಂದ್ರ ಎಲುಬಿಗೆ ಎಲುಬು ಕಟ್ಟೋ ಪಟ್ಟಿ, ಸುಣ್ಣಗಟ್ಟಿ ಬಿಗಿ ಆಗ್ತಾವ. ನೋವು ಥೇಟ್ ವಾಯಿನ ನೋವಿನಂಗ ಇರ್ತದ, ಹಿಂಗಾಗಿ ಎಷ್ಟೋ ಮಂದಿಗೆ ಸವೆತದ ಗುಳಿಗಿನ ಕೊಡ್ಕೋತ ಹೋಗ್ತಾರ. ಅವ್ವನ ಗದ್ದ ಎದಿಗೆ ಮುಟ್ತದೇನು ನೋಡ್ರಿ, ಎರಡೂ ಕೈ ತಲಿ ಹಿಂದ ಹೋಗ್ತಾವೇನು ನೋಡ್ರಿ, ಸೊಂಟ ಬಗ್ಗಿಸಿ ಕಾಲಿನ ಬೆರಳು ಮುಟ್ಟಾಕ ಹೇಳ್ರಿ. ಕುತ್ತಿಗಿ ಬೆನ್ನು ಎಲ್ಲಾ ಬಿಗಿ ಇದ್ದು, ಅದೇ ಊರಾಗ ಹುಟ್ಟಿ ಬೆಳೆದವರ ಹಲ್ಲಿನ ಮ್ಯಾಲ ಹಳದಿ-ಕಂದು ಅಡ್ಡಗೆರಿ ಇದ್ರ ಡಾಕ್ಟರಿಗೆ ಇದನ್ನ ಬಾಯಿ ಬಿಟ್ಟು ಹೇಳ್ರಿ, ಮೊಣಕಾಲಿನ ಜೋಡಿ ಮುಂಗೈದೂ ಎಕ್ಸ್‌ರೇ ತೆಗೆಸಾಕ ಕೇಳ್ರಿ, ಮುಂಗೈಯ ಎರಡು ಎಲುಬಿನ ನಡುವಿನ ಪರದಿ ಸುಣ್ಣಗಟ್ಟಿದ್ರ ಅದರಾಗ ಕಾಣ್ತದ. ನೀರು ಕಾಸಿ ಕುಡಿದ್ರ ಫ್ಲೋರೈಡ್ ಹೋಗಂಗಿಲ್ಲ, ನೀರು ಆವಿಯಾಗಿ ಕಮ್ಮಿ ಆದಷ್ಟು ಉಳಿದಿದ್ದು ಗಟ್ಟಿ ಆಗ್ತದ, ಕ್ಯಾಂಡಲ್ ಫಿಲ್ಟರಿಗೂ ಹೋಗಂಗಿಲ್ಲ, ಆರ್‌ಓಕ್ಕ ಹೋಗ್ತದ. ಪಂಚಾಯ್ತಿಯಾಗ ನೀರು ಟೆಸ್ಟ್ ಮಾಡ್ಸಾಕ ಕೇಳ್ರಿ, ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ರ ಅದನ್ನೂ ಕೇಳ್ರಿ, ಅದು ನಿಮ್ಮ ಹಕ್ಕು. ಕೂಡಿದ ಫ್ಲೋರೈಡ್ ತೆಗೆಯೋ ಗುಳಿಗಿ ಇಲ್ಲ, ನೀರು ಬದಲಿ ಮಾಡಿದ್ರ ಮುಂದ ಹೆಚ್ಚಾಗೋದು ತಪ್ತದ, ಮನಿಯಾಗ ಸಣ್ಣ ಮಕ್ಕಳಿದ್ರ ಅವ್ರಿಗೆ ಮೊದಲು ಬದಲಿ ಮಾಡ್ರಿ.

ಆ ಇಂಜೆಕ್ಷನ್ ಹೆಸರು ಬರಸ್ಕೊಂಡು ಬರ್ರಿ. ಹೆಸರು ಹೇಳದ ಇಂಜೆಕ್ಷನ್ ಮಾಡಿಸ್ಕೋಬಾರದು ಅನ್ನೋದು ನನ್ನ ಖಡಾಖಂಡಿತ ಮಾತು. ಡೆಕ್ಸಾ ಥರದ ಸ್ಟಿರಾಯ್ಡ್ ಇದ್ರ ಮತ್ತ ಮತ್ತ ಮಾಡಿಸಿದ್ರ ಶುಗರ್ ಏರ್ತದ, ಎಲುಬು ಟೊಳ್ಳಾಗ್ತಾವ, ಡೈಕ್ಲೋಫಿನಾಕ್ ಅನ್ನೋ ನೋವಿನ ಔಷಧ ಇದ್ರ ಹೊಟ್ಟಿಗೂ ಕಿಡ್ನಿಗೂ ಪೆಟ್ಟು. ಭಾಳ ದಿನದಿಂದ ಸ್ಟಿರಾಯ್ಡ್ ನಡದಿದ್ರ ಒಮ್ಮೆಲೇ ಬಿಡಸಬ್ಯಾಡ್ರಿ, ರಾಯಚೂರಿನ ಸರ್ಕಾರಿ ದೊಡ್ಡ ದವಾಖಾನಿ ರಿಮ್ಸ್‌ನಾಗ ಎಲುಬಿನ ಡಾಕ್ಟರಿಗೆ ತೋರಿಸಿ ಅವ್ರು ಹೇಳಿದಂಗ ಇಳಸ್ರಿ.

ಸವೆತನ ಅಂತ ಗೊತ್ತಾದ್ರ ತೊಡಿ ಮುಂದಿನ ಸ್ನಾಯು ಗಟ್ಟಿ ಮಾಡೋದು ಮುಖ್ಯ. ಕಾಲು ಚಾಚಿ ಕುಂದರಿಸಿ ಮೊಣಕಾಲಿನ ಕೆಳಗ ಸುತ್ತಿದ ಟವೆಲ್ ಇಟ್ಟು ಅದನ್ನ ಕೆಳಗ ಒತ್ತಾಕ ಹೇಳ್ರಿ, ಚಿಪ್ಪು ಮ್ಯಾಲ ಸರಿದು ತೊಡಿ ಬಿಗಿ ಆಗಬೇಕು, ಐದು ಎಣಿಸಿ ಬಿಡಬೇಕು, ಹತ್ತು ಸಲ, ಮುಂಜಾನೆ ಸಂಜಿ. ಉಸಿರು ಹಿಡೀಬಾರದು. ಕಳೆ ತೆಗೆಯೋವಾಗ ಗಿಡ್ಡ ಸ್ಟೂಲ್, ಸಂಡಾಸಿಗೆ ಕಮೋಡ್ ಕುರ್ಚಿ, ಆದಷ್ಟು ಕುಕ್ಕರಗಾಲು ಬ್ಯಾಡ. ತೂಕ ಹೆಚ್ಚಿದ್ರ ಇಳಸ್ರಿ, ಒಂದು ಕೆಜಿ ಇಳಿದ್ರ ಒಂದೊಂದು ಹೆಜ್ಜಿಗೂ ಮೊಣಕಾಲಿನ ಮ್ಯಾಲ ಸುಮಾರು 4 ಕೆಜಿ ಭಾರ ಕಮ್ಮಿ ಆಗ್ತದ.

ಒಂದೇ ಕೀಲು ಬಿಸಿ ಆಗಿ ಬಾತು ಜ್ವರಾನೂ ಬಂದ್ರ ಮಾತ್ರ ಇದ್ಯಾವದೂ ಮಾಡ್ಕೋತ ಕೂಡಬ್ಯಾಡ್ರಿ, ಕೀಲಿನೊಳಗ ಕೀವು ಆಗಿರಬಹುದು, ಅವತ್ತೇ ದವಾಖಾನಿಗೆ ಕರ್ಕೊಂಡು ಹೋಗ್ರಿ.