‘ಆಮೇಲೆ ಹೇಳ್ತೀನಿ’ ಅನ್ನಬೇಡಿ

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಮಷಿನ್ ಹಾಕಿಸಿದ್ದೇವೆ, ವಾರಕ್ಕೆರಡು ದಿನ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಒಂದಷ್ಟು ಪದ ಹೇಳುತ್ತಾಳೆ, ಅಷ್ಟೇ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗರು ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ನಮ್ಮ ಬಸ್ ಬಂದರೂ ಇವಳು ಕದಲಲಿಲ್ಲ, ಅವರನ್ನೇ ನೋಡುತ್ತಾ ನಿಂತಳು. ಸನ್ನೆ ಕಲಿಸಿದರೆ ಮಾತು ಬರೋದೇ ಇಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಲಿಸಿ, ಅಮ್ಮಾ. ಇವತ್ತೇ ಶುರು ಮಾಡಿ.

ನಾನು ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಹಾಸನದ ಹತ್ತಿರದ ಹಳ್ಳಿ ನಮ್ಮದು, ಮನೆ ತುಂಬಾ ಜನ. ರಾತ್ರಿ ಊಟಕ್ಕೆ ಕೂತಾಗ ಎಲ್ಲರೂ ಏನಕ್ಕೋ ನಗುವರು. ನಾನು ಅಕ್ಕನ ತೋಳು ಜಗ್ಗಿ ‘ಏನು?’ ಅಂತ ಕೇಳುತ್ತಿದ್ದೆ. ‘ಆಮೇಲೆ ಹೇಳ್ತೀನಿ’ ಅನ್ನುತ್ತಿದ್ದಳು. ಆ ಎರಡು ಪದಗಳನ್ನು ಇವತ್ತಿಗೂ ಯಾರ ತುಟಿಯ ಮೇಲಾದರೂ ಓದುತ್ತೇನೆ, ಅಷ್ಟು ಸಲ ನೋಡಿದ್ದೇನೆ. ಆ ‘ಆಮೇಲೆ’ ಬರುತ್ತಲೇ ಇರಲಿಲ್ಲ. ಅಕ್ಕನಿಗೆ ಪ್ರೀತಿ ಇರಲಿಲ್ಲ ಅಂತಲ್ಲ. ಹೇಳೋದಕ್ಕೆ ನಮ್ಮಿಬ್ಬರ ನಡುವೆ ಭಾಷೆಯೇ ಇರಲಿಲ್ಲ.

ಕನ್ನಡಿ ಮುಂದೆ ನಿಂತು ‘ಮರ’ ಅನ್ನಿ. ಆಮೇಲೆ ‘ಬರ’ ಅನ್ನಿ. ತುಟಿ ಒಂದೇ ಥರ ಆಡುತ್ತದೆ, ಅಲ್ವಾ? ನಿಮ್ಮ ಮಗಳು ಇಡೀ ದಿನ ಹೀಗೇ ಊಹಿಸುತ್ತಾ ಇರುತ್ತಾಳೆ. ಸಂಜೆ ಹೊತ್ತಿಗೆ ಅವಳು ಸುಮ್ನೆ ಸಿಡುಕಿದರೆ ಹಟ ಅಂದುಕೊಳ್ಳಬೇಡಿ. ಅದು ದಣಿವು.

ನಮ್ಮ ಶಾಲೆಯಲ್ಲಿ ಕೈ ಆಡಿಸಿದರೆ ಸ್ಕೇಲಿನ ಏಟು. ಆದರೂ ಡೆಸ್ಕಿನ ಕೆಳಗೆ ನಮ್ಮ ಬೆರಳು ನಿಲ್ಲುತ್ತಿರಲಿಲ್ಲ. ಸನ್ನೆ ಕಲಿತರೆ ಮಾತು ಬರೋದಿಲ್ಲ ಅನ್ನುವ ಹೆದರಿಕೆ ಬಹಳ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡು ಮಕ್ಕಳ ಶಿಕ್ಷಕರ ಸಮ್ಮೇಳನ ಸೇರಿ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಇರಲಿ ಅಂತ ತೀರ್ಮಾನಿಸಿತು. ಅಲ್ಲಿದ್ದವರು ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳುವವರೇ. ಅದು ತಪ್ಪಾಯಿತು ಅಂತ ಅದೇ ಸಮ್ಮೇಳನ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನೂರಾ ಮೂವತ್ತು ವರ್ಷ! ಎಷ್ಟು ಮಕ್ಕಳ ಬಾಲ್ಯ ಅದರಲ್ಲಿ ಹೋಯಿತೋ.

ಹತ್ತೊಂಬತ್ತಕ್ಕೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ. ಅಲ್ಲಿ ಕಿವುಡರ ಗುಂಪೊಂದು ಸಿಕ್ಕಿತು. ರಾತ್ರಿ ಹನ್ನೊಂದಾದರೂ ಬೀದಿದೀಪದ ಕೆಳಗೇ ನಿಂತಿರುತ್ತಿದ್ದೆವು, ಬೆಳಕಿಲ್ಲದೆ ನಮಗೆ ಮಾತಿಲ್ಲವಲ್ಲ. ಒಬ್ಬಳು ನನ್ನ ಮನೆಯ ಬಗ್ಗೆ ಕೇಳಿ, ಉತ್ತರ ಮುಗಿಯುವವರೆಗೂ ನನ್ನ ಕೈಯನ್ನೇ ನೋಡುತ್ತಾ ನಿಂತಳು. ಹಾಗೆ ಯಾರೂ ನನಗಾಗಿ ಕಾದಿರಲಿಲ್ಲ. ಚಿಕ್ಕವಳಿದ್ದಾಗ ಒರಳಿನ ಮೇಲೆ ಬಿದ್ದು ನನ್ನ ಗದ್ದದಲ್ಲೊಂದು ಗೀರಿದೆ. ಅವಳು ತನ್ನ ಗದ್ದದ ಮೇಲೆ ಬೆರಳಿನಿಂದ ಗೀರು ಎಳೆದು ನನ್ನತ್ತ ತೋರಿಸಿದಳು. ಅದೇ ನನ್ನ ಹೆಸರಾಯಿತು. ಊರಿನಲ್ಲಿ ನನ್ನನ್ನು ‘ಮೂಗಿ’ ಅನ್ನುತ್ತಿದ್ದರು.

ಮಷಿನ್, ಥೆರಪಿ ಬಿಡಿಸಬೇಡಿ, ಅವೂ ಇರಲಿ. ಆದರೆ ಸನ್ನೆಯನ್ನು ಮೊದಲು ನೀವು ಕಲಿಯಿರಿ. ಮನೆಯವರಿಗೆಲ್ಲ ಕಲಿಸಿ. ದೆಹಲಿಯಲ್ಲಿರುವ ಭಾರತೀಯ ಸನ್ನೆ ಭಾಷೆಯ ಸರ್ಕಾರಿ ಸಂಸ್ಥೆ 2021ರ ಹೊತ್ತಿಗೆ 10,000 ಪದಗಳ ನಿಘಂಟು ಮಾಡಿದೆ, ಅದರ ವಿಡಿಯೋಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ದಿನಕ್ಕೆ ಐದು ಪದ ಸಾಕು. ‘ನಿನ್ನ ಹೆಸರೇನು’ ಅನ್ನುವಾಗ ಕನ್ನಡದ ಹಾಗೇ ಅಲ್ಲೂ ‘ಏನು’ ಕೊನೆಗೆ ಬರುತ್ತದೆ, ಕಷ್ಟವಿಲ್ಲ. ಕೈ ಜೊತೆ ಮುಖವೂ ಮಾತಾಡಬೇಕು, ಅದನ್ನು ಮರೆಯಬೇಡಿ.

ಕಿವುಡರಾಗಿಯೇ ಬೆಳೆದು ದೊಡ್ಡವರಾದವರನ್ನು ಅವಳು ನೋಡಬೇಕು. ಇದು ಎಲ್ಲಕ್ಕಿಂತ ಮುಖ್ಯ. ಬೆಂಗಳೂರಿನ ವಕೀಲೆ ಸಾರಾ ಸನ್ನಿ 2023ರಲ್ಲಿ ಸನ್ನೆ ಭಾಷೆಯ ದುಭಾಷಿಯ ಜೊತೆ ಸುಪ್ರೀಂ ಕೋರ್ಟಿನ ವಿಚಾರಣೆಗೆ ಹಾಜರಾದರು. ಆ ಫೋಟೋ ಅವಳಿಗೆ ತೋರಿಸಿ. ಆದರೆ ಫೋಟೋ ಒಂದೇ ಸಾಲದು.

ಈ ಶನಿವಾರ ಅದೇ ಹೊತ್ತಿಗೆ ಅದೇ ಬಸ್‌ಸ್ಟ್ಯಾಂಡಿಗೆ ಅವಳನ್ನು ಕರೆದುಕೊಂಡು ಹೋಗಿ. ಆ ಹುಡುಗರು ಕಂಡರೆ ಎದುರಿಗೆ ಹೋಗಿ ಕೈ ಮುಗಿಯಿರಿ. ಮಗಳನ್ನು ತೋರಿಸಿ, ಅವಳ ಕಿವಿ ಮುಟ್ಟಿ ತೋರಿಸಿ. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ. ಬಸ್ ತಪ್ಪಿದರೂ ಪರವಾಗಿಲ್ಲ.