ನವಲಗುಂದದ ಜಮಖಾನ: ಅಸಲಿ ಹೌದಾ, ತೊಳೆಯೋದು ಹೇಗೆ?

ಮೇಳದಲ್ಲಿ ಧಾರವಾಡ ಜಿಲ್ಲೆಯ ನವಲಗುಂದದ್ದು ಅಂತ ಕೊಟ್ಟ ಜಮಖಾನ ಕೈಯಲ್ಲಿ ನೇಯ್ದದ್ದೇ, ಅದನ್ನು ವಾಷಿಂಗ್ ಮಷಿನ್‌ಗೆ ಹಾಕಬಹುದಾ ಅಂತ ಕೇಳಿದ್ದೀರಿ. ಮಷಿನ್ ಬೇಡವೇ ಬೇಡ.

ಮೊದಲು ಜಮಖಾನವನ್ನು ತಿರುಗಿಸಿ ನೋಡಿ. ಕೈನೇಯ್ಗೆಯದ್ದಾದರೆ ಎರಡೂ ಕಡೆ ಒಂದೇ ಚಿತ್ರ, ಒಂದೇ ಬಣ್ಣ ಇರುತ್ತದೆ. ಹಿಂದೆ ಮಂಕಾಗಿದ್ದರೆ ಅದು ಅಚ್ಚು ಹಾಕಿದ್ದು. ಹಿಂದೆ ಬಣ್ಣ ಅದಲುಬದಲಾಗಿದ್ದರೆ ಯಂತ್ರದ್ದಿರಬಹುದು. ಆಮೇಲೆ ಬಣ್ಣ ಬದಲಾಗುವ ಗೆರೆಯನ್ನು ಹತ್ತಿರದಿಂದ ಗಮನಿಸಿ. ಹೊಕ್ಕಿನ ನೂಲು, ಅಂದರೆ ಅಡ್ಡಡ್ಡ ಹೋಗುವ ನೂಲು, ಅಲ್ಲಿಗೇ ಬಂದು ವಾಪಸ್ ತಿರುಗಿರುತ್ತದೆ. ಒಂದೊಂದು ಬಣ್ಣವನ್ನೂ ಅದರ ಜಾಗದಲ್ಲಷ್ಟೇ ಬೆರಳಿನಿಂದ ಓಡಿಸಿ, ಬಡಿದು ಕೂರಿಸುತ್ತಾರೆ. ಹಾಗಾಗಿಯೇ ಜಮಖಾನ ಅಷ್ಟು ದಪ್ಪ, ಅಷ್ಟು ಬಿಗಿ. ಅಂಚಿನ ಕುಚ್ಚು ಉದ್ದುದ್ದ ಓಡುವ ಹಾಸಿನ ನೂಲಿನದ್ದೇ ಆಗಿರಬೇಕು, ಆಮೇಲೆ ಹೊಲಿದದ್ದಲ್ಲ.

ನವಲಗುಂದದಲ್ಲಿ ನೇಯುವವರು ಹೆಂಗಸರು, ಮನೆಯಲ್ಲೇ, ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ. ನವಿಲು, ಪಗಡೆ ಹಾಸಿನ ಚಿತ್ರ ಅವರ ಗುರುತು. ನಮಾಜಿನ ಹಾಸನ್ನೂ ನೇಯುತ್ತಾರೆ. ಈ ಜಮಖಾನಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಇದೆ, ಅಂದರೆ ಇದು ಆ ಊರಿನದ್ದೇ ಅನ್ನುವ ಅಧಿಕೃತ ಗುರುತು. ಆದರೆ ಜಿಐ ಚೀಟಿ ಒಂದನ್ನೇ ನಂಬಬೇಡಿ, ಚೀಟಿ ಯಾರು ಬೇಕಾದರೂ ಅಂಟಿಸಬಹುದು ಅಲ್ವಾ!

ಇನ್ನು ತೊಳೆಯೋದು. ಇದು ಹತ್ತಿ ನೂಲು, ಸ್ವಲ್ಪ ಕುಗ್ಗಬಹುದು, ಕೆಂಪು ಬಣ್ಣ ಬಿಡಲೂಬಹುದು. ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯಲ್ಲಿ ಉಜ್ಜಿ ನೋಡಿ. ಬಣ್ಣ ಅಂಟಿದರೆ ಡ್ರೈ ಕ್ಲೀನ್‌ಗೆ ಕೊಡಿ. ಇಲ್ಲದಿದ್ದರೆ ತಣ್ಣೀರು, ಸೌಮ್ಯ ಸೋಪು ಸಾಕು. ಹಿಂಡದೆ, ನೆರಳಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿ. ನಿಜ ಹೇಳಬೇಕಂದರೆ, ಆಗಾಗ ಕೊಡವಿದರೆ ತೊಳೆಯುವ ಕೆಲಸವೇ ಕಡಿಮೆ.